ದಿನಾ ಒಗೆದ ಅಂಗಿ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಊರಿಗೆಲ್ಲ ಅವನು ಗುಂಡುಕಲ್ಲು. ಎದುರಿಗೆ ಸಿಕ್ಕಾಗ ಮರ್ಯಾದೆಗೆ ‘ಕಲ್ಲಣ್ಣ’ ಅನ್ನುತ್ತಿದ್ದರು, ಬೆನ್ನ ಹಿಂದೆ ಬರೀ ‘ಕಲ್ಲು’. ಬೆಳೆಗೆ ಔಷಧಿ ಹೊಡೆಯುವುದು ಅವನ ಕಸುಬು. ತನ್ನ ಹೊಲಕ್ಕೂ ಹೊಡೆಯುತ್ತಿದ್ದ, ಕರೆದವರ ಹೊಲಕ್ಕೂ ಹೊಡೆಯುತ್ತಿದ್ದ. ಟೊಮೆಟೊ, ಬದನೆ, ಎಲೆಕೋಸು, ಯಾವುದಕ್ಕೆ ಹುಳ ಬಿದ್ದರೂ ಬೆನ್ನಿಗೆ ಪಂಪು ಏರಿಸಿಕೊಂಡು ಕಲ್ಲಣ್ಣನೇ ಬರಬೇಕು. ಹುಳಗಳಿಗೆ ಮಾತು ಬರುತ್ತಿದ್ದರೆ ಅವನ ಹೆಸರು ಹೇಳಿ ಮರಿಗಳನ್ನು ಮಲಗಿಸುತ್ತಿದ್ದವೋ ಏನೋ. ಕೊಲ್ಲುವುದಕ್ಕೆ ತಂದದ್ದನ್ನು ಔಷಧಿ ಅಂತ ಯಾಕೆ ಕರೆಯುತ್ತಾರೆ ಅಂತ ನನ್ನನ್ನು ಕೇಳಬೇಡಿ. ಎಲ್ಲರೂ ಹಾಗೇ ಕರೆಯುತ್ತಾರೆ, ನಾವೂ ಕರೆಯೋಣ.

ಅದೇ ಕಸುಬು ಮಾಡಿದ ಉಳಿದವರ ಕಥೆ ಅಷ್ಟು ಚೆನ್ನಾಗಿರಲಿಲ್ಲ. ಒಬ್ಬನಿಗೆ ಕೈ ನಡುಕ ಹತ್ತಿಕೊಂಡಿತು. ಒಬ್ಬನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಮೇಲುಸಿರು. ಇನ್ನೊಬ್ಬ ಹೊಟ್ಟೆಯಲ್ಲಿ ಗಡ್ಡೆ ಅಂತ ಆಸ್ಪತ್ರೆಗೆ ಹೋದವನು ತಿರುಗಿ ಬರಲೇ ಇಲ್ಲ. ಕಲ್ಲಣ್ಣನಿಗೆ ಮಾತ್ರ ಒಂದು ನೆಗಡಿಯೂ ಇಲ್ಲ. ಮೊಮ್ಮಗುವಿನ ಮುಖ ನೋಡುವ ವಯಸ್ಸಾದರೂ ತುಂಬಿದ ಪಂಪು ಹೊತ್ತುಕೊಂಡು ಬದುವಿನ ಮೇಲೆ ದಾಪುಗಾಲು ಹಾಕುತ್ತಿದ್ದ. ಗುಂಡುಕಲ್ಲಿನ ಹಾಗೆ ಇದ್ದಾನೆ ಅಂತ ಜನ ಅಂದರು, ಆ ಮಾತೇ ಹೆಸರಾಗಿ ಕೂತಿತು.

ಈ ಕಲ್ಲಿನ ಬೆಲೆ ಮೊದಲು ಕಂಡುಹಿಡಿದವನು ಔಷಧಿ ಅಂಗಡಿಯ ಸಾಹುಕಾರ. ಔಷಧಿಯಿಂದ ಕ್ಯಾನ್ಸರ್ ಬರುತ್ತದಂತೆ ಅಂತ ಊರಲ್ಲಿ ಗುಸುಗುಸು ಶುರುವಾಗಿತ್ತು. ಯಾರೋ ಪೇಪರಿನಲ್ಲಿ ಓದಿದ್ದರು, ಯಾರೋ ಫೋನಿನಲ್ಲಿ ನೋಡಿದ್ದರು. ಸಾಹುಕಾರ ವಾದಕ್ಕೆ ಇಳಿಯಲಿಲ್ಲ. ವಾದ ಮಾಡಬೇಕಾದರೆ ಒಂದಷ್ಟು ಓದಿಕೊಂಡಿರಬೇಕು. ಅವನು ಕಲ್ಲಣ್ಣನನ್ನು ಕರೆದುಕೊಂಡು ಬಂದು ವೇದಿಕೆಯ ಮೇಲೆ ನಿಲ್ಲಿಸಿದ, ಕಂಪನಿಯ ಗುರುತಿದ್ದ ಹಸಿರು ಟೋಪಿಯೊಂದನ್ನು ಹಾಕಿದ, ಮೈಕು ಕೈಗೆ ಕೊಟ್ಟ. “ನೋಡಿಯಪ್ಪ, ಔಷಧಿ ಕೆಟ್ಟದ್ದಾಗಿದ್ದರೆ ಮೊದಲು ಯಾರು ಹೋಗಬೇಕಿತ್ತು? ಇವರು. ಹೋಗಿದಾರಾ?” ಅಂತ ಕೇಳಿದ. ಹೋಗಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಜನ ಚಪ್ಪಾಳೆ ಹೊಡೆದರು.

ಆಮೇಲೆ ಎಲ್ಲಿ ರೈತರ ಸಭೆ ನಡೆದರೂ ಕಲ್ಲಣ್ಣನಿಗೆ ಒಂದು ಕುರ್ಚಿ. ಮೊದಮೊದಲು ನಾಲಿಗೆ ತೊದಲಿದರೂ ಬರಬರುತ್ತ ಮಾತು ಚೆನ್ನಾಗಿ ಪಳಗಿತು. ತನ್ನ ಆರೋಗ್ಯದ ಗುಟ್ಟು ಅಂತ ಮೂರು ಮಾತು ಹೇಳುತ್ತಿದ್ದ. “ಒಂದು, ಖಾಲಿ ಹೊಟ್ಟೇಲಿ ಪಂಪು ಎತ್ತಬಾರದು. ಎರಡು, ಗಾಳಿಗೆ ಎದುರಾಗಿ ಹೊಡೀಬಾರದು, ಗಾಳಿ ಜೊತೆ ಜಗಳ ಆಡಿ ಗೆದ್ದೋರಿಲ್ಲ.” ಇಲ್ಲಿ ಜನ ನಗುತ್ತಿದ್ದರು, ಅವನು ಕಾಯುತ್ತಿದ್ದ. “ಮೂರನೇದು ಮುಖ್ಯ. ಮನೆಗೆ ಬಂದ ತಕ್ಷಣ ಹಿತ್ತಲ ಬಾಗಿಲಲ್ಲೇ ಬಟ್ಟೆ ಕಳಚಿ ಎಸೀತೀನಿ. ಸೀದಾ ಬಿಸಿನೀರು, ಸೋಪು. ಮಾರನೇ ದಿನ ಮೈ ಮೇಲೆ ಒಗೆದ ಅಂಗಿನೇ ಇರಬೇಕು. ದಿನಾ ಒಗೆದ ಅಂಗಿ! ನಾನು ಇವತ್ತಿನವರೆಗೂ ಕೊಳಕು ಅಂಗಿ ಹಾಕ್ಕೊಂಡು ಹೊಲಕ್ಕೆ ಕಾಲಿಟ್ಟಿಲ್ಲ.” ಸಾಹುಕಾರ ತಲೆದೂಗುತ್ತಿದ್ದ. ಶುಚಿ ಅಂದರೆ ಇದು ಅನ್ನುತ್ತಿದ್ದ. ಎಸೆದ ಅಂಗಿ ತಾನಾಗಿಯೇ ಎದ್ದು ಹೋಗಿ ಒಗೆದುಕೊಂಡು ಹಗ್ಗ ಹತ್ತುವುದಿಲ್ಲ ಎನ್ನುವುದು ಆ ಸಭೆಯಲ್ಲಿ ಯಾರ ತಲೆಗೂ ಬರಲಿಲ್ಲ. ಸಭೆಯಲ್ಲಿ ಇದ್ದವರೆಲ್ಲ ಗಂಡಸರು, ಅವರವರ ಮನೆಯಲ್ಲೂ ಬಟ್ಟೆ ತಾನಾಗಿಯೇ ಒಗೆದುಕೊಳ್ಳುತ್ತಿತ್ತು.

ಕಲ್ಲಣ್ಣನ ಹೆಂಡತಿಗೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಾಗ ಶೀತದ ಗಂಟು ಅಂದುಕೊಂಡರು. ಬಿಸಿ ಶಾಖ ಕೊಟ್ಟರು. ಕರಗಲಿಲ್ಲ. ಅದಕ್ಕೆ ಜೊತೆಗಾರ ಬಂತು, ಕಂಕುಳಲ್ಲಿ ಮತ್ತೊಂದು. ಅವಳು ಸೊರಗಿದಳು, ಸಂಜೆಯಾದರೆ ಜ್ವರ, ಬೆಳಿಗ್ಗೆ ಎದ್ದರೆ ದಿಂಬೆಲ್ಲ ಬೆವರು. ಊರಿನ ಡಾಕ್ಟರು ಕತ್ತು ಮುಟ್ಟಿ ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ ಅಂತ ಹೇಳಿ ಮುಖ ಬೇರೆ ಕಡೆ ತಿರುಗಿಸಿದರು. ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲ ಕೇಳಲು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು. ಗ್ರಂಥಿಗಳಿಗೆ ಬರುವ ಕ್ಯಾನ್ಸರ್ ಅಂದಳು. ಚಿಕಿತ್ಸೆ ಇದೆ, ಗುಣ ಆದವರೂ ಇದ್ದಾರೆ, ಆದರೆ ತಡವಾಗಿ ಬಂದಿದ್ದೀರಿ ಅಂದಳು. ಹೆಂಡತಿ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

“ನೀವು ಹೊಲಕ್ಕೆ ಹೋಗ್ತೀರಾಮ್ಮ? ಔಷಧಿ ಹೊಡೆಯೋ ಕಡೆ?”

ಉತ್ತರ ಕಲ್ಲಣ್ಣನ ಬಾಯಿಂದ ಬಂತು. “ಇಲ್ಲ ಡಾಕ್ಟ್ರೇ. ಹೊಡೆಯೋ ದಿನ ಇವಳನ್ನ ಬದುವಿನ ಮೇಲೂ ನಿಲ್ಲಿಸಿಲ್ಲ ನಾನು. ಹೂವಿನ ಹಾಗೆ ನೋಡ್ಕೊಂಡಿದೀನಿ.”

“ನೀವು ಔಷಧಿ ಹೊಡೀತೀರಾ?”

ಇಂಥ ಪ್ರಶ್ನೆ ಕೇಳಿದರೆ ಅವನಿಗೆ ಮೈಕು ಸಿಕ್ಕಂತೆಯೇ. ದುಃಖದ ನಡುವೆಯೂ ಎದೆ ಸ್ವಲ್ಪ ಮುಂದೆ ಬಂತು. ಮೂರು ಗುಟ್ಟನ್ನೂ ಹೇಳಿದ. ಮೂರನೆಯದಕ್ಕೆ ಡಾಕ್ಟರಮ್ಮ, “ಒಳ್ಳೇ ಅಭ್ಯಾಸ, ಬಹಳ ಜನ ಇಷ್ಟೂ ಮಾಡಲ್ಲ,” ಅಂದಳು. ಕಲ್ಲಣ್ಣ ಹೆಂಡತಿಯ ಕಡೆ ನೋಡಿದ, ಕೇಳಿಸಿಕೊಂಡೆಯಾ ಅನ್ನುವ ಹಾಗೆ.

“ಆ ಬಟ್ಟೆ ಯಾರು ಒಗೀತಾರೆ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇದೆಂಥ ಪ್ರಶ್ನೆ? ಹೆಂಡತಿಗೆ ಆ ದಿನ ಮೊದಲ ಸಲ ನಗು ಬಂತು. “ಇನ್ಯಾರು ಒಗೀತಾರೆ ಡಾಕ್ಟ್ರೇ?”

“ಮಶೀನಾ, ಕೈಯಾ?”

“ಕೈಯಲ್ಲೇ.”

“ಎಲ್ಲಿ, ಕೈ ತೋರಿಸಿ.”

ಅವಳು ನಾಚಿಕೊಂಡೇ ಅಂಗೈ ಚಾಚಿದಳು. ಚರ್ಮ ಸುಲಿದು, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟು, ಉಗುರಿನ ಸುತ್ತ ಹಳದಿಯಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಅದು ನಮ್ಮ ಅಂಗೈ ಆದಾಗ ಸರಿ. ಹೆಂಡತಿಯ ಅಂಗೈ ಆದರೆ ಕನ್ನಡಿ, ಕನ್ನಡಕ, ದೊಡ್ಡಾಸ್ಪತ್ರೆ ಎಲ್ಲವೂ ಬೇಕಾಗುತ್ತದೆ. ಇಷ್ಟು ವರ್ಷ ಅದೇ ಕೈಯಿಂದ ಬಡಿಸಿಕೊಂಡು ಉಂಡವನು ಕಲ್ಲಣ್ಣ. ಅವಳ ಕೈ ಹೀಗಿದೆ ಅಂತ ಅವನು ನೋಡಿದ್ದು ಆಗ.

“ಇದರಿಂದಲೇ ಬಂತು ಅಂತ ನಾನು ಹೇಳಲಾರೆ,” ಡಾಕ್ಟರಮ್ಮ ಅಂದಳು. “ಒಬ್ಬರಿಗೆ ಯಾಕೆ ಬಂತು ಅಂತ ಬೆರಳಿಟ್ಟು ತೋರಿಸೋದು ಯಾರಿಂದಲೂ ಆಗಲ್ಲ. ಆದ್ರೆ ಔಷಧಿ ಜೊತೆ ಕೆಲಸ ಮಾಡೋರಲ್ಲಿ ಈ ಥರದ ಕಾಯಿಲೆ ಜಾಸ್ತಿ ಕಾಣ್ತಿದೆ. ಆ ಔಷಧಿ ಬಟ್ಟೆ ಜೊತೆ ಮನೆಗೂ ಬರುತ್ತೆ. ನೀವು ದಿನಾ ಮೈಯಿಂದ ಕಳಚಿದ್ದು ಎಲ್ಲಾದ್ರೂ ಹೋಗಬೇಕಲ್ಲ?”

ಕಲ್ಲಣ್ಣನಿಗೆ ಸಿಟ್ಟು ನೆತ್ತಿಗೇರಿತು. “ಏನು ಮಾತು ಅಂತ ಆಡ್ತೀರಿ ಡಾಕ್ಟ್ರೇ? ಹೊಡೆಯೋನು ನಾನು, ಬೆನ್ನ ಮೇಲೆ ಸೋರಿಸ್ಕೊಳ್ಳೋನು ನಾನು, ಬರಬೇಕಾದ್ರೆ ನನಗೆ ಬರಬೇಕಿತ್ತು! ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಹಾಕ್ತೀರಲ್ಲ. ನೋಡಿ ನನ್ನ!” ಅಂತ ಅಂಗಿಯ ಗುಂಡಿಗೂ ಕೈ ಹಾಕಿದ. ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು.

ಡಾಕ್ಟರಮ್ಮ ಇಂಥವರನ್ನು ಬಹಳ ನೋಡಿದ್ದಳು. ಅವನು ಕೂತ ಮೇಲೆ ಅದೇ ದನಿಯಲ್ಲಿ ಮುಂದುವರಿಸಿದಳು. “ಇನ್ನು ಮೇಲೆ ಇವರು ಆ ಬಟ್ಟೆ ಮುಟ್ಟಬಾರದು. ಮನೇಲಿ ಬಸುರಿ, ಮಕ್ಕಳು ಇದ್ದರೆ ಅವರಂತೂ ಹತ್ತಿರವೂ ಸುಳೀಬಾರದು. ಹಾಕ್ಕೊಂಡೋರೇ ಒಗೆಯಲಿ. ಬೇರೆ ಬಕೆಟ್ಟು, ಕೈಗೆ ರಬ್ಬರ್ ಗ್ಲೌಸು.”

“ಹಾಕ್ಕೊಂಡೋರು ಅಂದ್ರೆ?”

“ಅಂದ್ರೆ ನೀವು.”

ಕಲ್ಲಣ್ಣ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಮುಂದಿನ ತಿಂಗಳು ನಿಮಗೇ ಹೆರಿಗೆ ಅಂತ ಹೇಳಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಅರ್ಧ ದಾರಿ ಕಳೆದ ಮೇಲೆ ಹೆಂಡತಿ ಬಾಯಿ ಬಿಟ್ಟಳು.

“ನನ್ನ ವಿಷಯ ಬಿಡಿ. ಬಂದಿದ್ದು ಅನುಭವಿಸ್ತೀನಿ. ಸೊಸೆ ಆ ಅಂಗಿ ಮುಟ್ಟಬಾರದು. ಅಷ್ಟೇ ನಾನು ಕೇಳೋದು.”

ಸೊಸೆಗೆ ಆಗ ಐದು ತಿಂಗಳು. ಮಗ ಲಾರಿ ಡ್ರೈವರು, ವಾರಕ್ಕೊಮ್ಮೆ ಮನೆಗೆ ಬಂದು ಉಂಡು ಮಲಗಿ ಎದ್ದು ಹೋಗುವವನು. ಮನೆಯಲ್ಲಿ ಇದ್ದ ಕೈಗಳು ಮೂರು ಜೊತೆ. ಅದರಲ್ಲಿ ಎರಡು ಜೊತೆಯನ್ನು ಡಾಕ್ಟರಮ್ಮ ಹೊಡೆದು ಹಾಕಿದ್ದಳು. ಉಳಿದದ್ದು ಒಂದೇ ಜೊತೆ, ಅದು ಕಲ್ಲಣ್ಣನ ತೊಡೆಯ ಮೇಲೆ ಭಾರವಾಗಿ ಕೂತಿತ್ತು.

ಅವನು ಕೆಟ್ಟವನಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಹೆಂಡತಿಯ ಮೇಲೆ ಅವನಿಗೆ ಜೀವ. ಪ್ರತಿ ಸಲ ಕೀಮೋ ಕೊಡಿಸಲು ಅವಳ ಜೊತೆ ತಾನೇ ಹೋದ, ವಾಂತಿಗೆ ಬಟ್ಟಲು ಹಿಡಿದ, ಅವಳ ಕೂದಲು ಉದುರಿದಾಗ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತ. ಬಟ್ಟಲು ಹಿಡಿದ ಕೈಗೆ ಬಟ್ಟೆ ಹಿಡಿಯುವುದಕ್ಕೆ ಏನು ಕಷ್ಟ ಅಂತ ನೀವು ಕೇಳಬಹುದು. ಕಷ್ಟ ಇತ್ತು. ಬಟ್ಟಲು ಹಿಡಿದದ್ದು ಮನೆಯೊಳಗೆ. ಒಗೆಯುವ ಕಲ್ಲು ಇದ್ದದ್ದು ಹಿತ್ತಲಲ್ಲಿ, ಹಿತ್ತಲಿಗೆ ಸೊಂಟದೆತ್ತರದ ಗೋಡೆ, ಗೋಡೆಯಾಚೆ ಊರಿನ ಅರ್ಧ ಜನ ಓಡಾಡುವ ಓಣಿ. ಅದೂ ಹೋಗಲಿ, ನಾಚಿಕೆಯನ್ನು ನುಂಗಿಕೊಳ್ಳಬಹುದು. ತಾನು ಒಗೆದರೆ ಡಾಕ್ಟರಮ್ಮ ಹೇಳಿದ್ದನ್ನು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಇಷ್ಟು ವರ್ಷ ವೇದಿಕೆ ಮೇಲೆ ನಿಂತು ತಾನು ಹೇಳಿದ್ದೇನು? ಆ ಯೋಚನೆ ಬಂದ ಕೂಡಲೇ ಅವನು ಬೇರೆ ಏನಾದರೂ ಯೋಚಿಸುತ್ತಿದ್ದ.

ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ವಾರ ಅವನು ಪಂಪು ಮುಟ್ಟಲಿಲ್ಲ, ಹಾಗಾಗಿ ಅಂಗಿಯ ಮಾತೂ ಬರಲಿಲ್ಲ. ಎಲೆಕೋಸಿಗೆ ಹುಳ ಬಿತ್ತು. ಹೊಲದವರು ಬಂದು ಕರೆದರು. ಮೊದಲ ದಿನ ಹೊಡೆದು ಬಂದು ಅಭ್ಯಾಸದ ಬಲದಿಂದ ಅಂಗಿ ಪ್ಯಾಂಟು ಹಿತ್ತಲ ಬಾಗಿಲಲ್ಲಿ ಕಳಚಿ ಎಸೆದ. ಸ್ನಾನ ಮಾಡಿ ಬಂದಾಗ ಹಿತ್ತಲಲ್ಲಿ ಗಲಾಟೆ. ಸೊಸೆ ಬಕೆಟ್ಟು ಹಿಡಿದುಕೊಂಡಿದ್ದಾಳೆ, ಅತ್ತೆ ತಲೆಗೆ ಬಟ್ಟೆ ಸುತ್ತಿಕೊಂಡು ಗೋಡೆ ಹಿಡಿದು ನಿಂತಿದ್ದಾಳೆ.

“ಬಿಡತ್ತೆ, ಒಂದು ಅಂಗಿ ತಾನೇ. ಗ್ಲೌಸ್ ಹಾಕ್ಕೊಂಡು ಒಗೀತೀನಿ.”

“ಕೈ ತೆಗಿ ಅಂದ್ನಲ್ಲ. ನೀನು ಮುಟ್ಟೋದಾದ್ರೆ ನಾನೇ ಒಗೀತೀನಿ, ಕೊಡು ಇಲ್ಲಿ. ನನಗೆ ಬರಬೇಕಾದ್ದು ಬಂದಾಗಿದೆ, ಇನ್ನೇನು ಬರುತ್ತೆ?”

“ಅಯ್ಯೋ, ಮಾವ, ನೀವಾದ್ರೂ ಹೇಳಿ!”

ಇಬ್ಬರೂ ಅವನ ಮುಖ ನೋಡಿದರು. ಈಗ ಅವನು ಹೇಳಬೇಕಾದ ಮಾತು ಒಂದೇ ಒಂದು ಇತ್ತು. ಬಾಯಿಗೆ ಬಂದದ್ದು ಇನ್ನೊಂದು. “ಯಾರೂ ಒಗೆಯೋದು ಬೇಡ,” ಅಂದು ಅಂಗಿ ಪ್ಯಾಂಟು ಚೀಲಕ್ಕೆ ತುಂಬಿಕೊಂಡು ಹೊರಟ.

ಪೇಟೆಯ ಲಾಂಡ್ರಿಯವನು ಅವನ ಅಭಿಮಾನಿ, ಕಳೆದ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದವನು. ಕಲ್ಲಣ್ಣನನ್ನು ಕಂಡು ಕುರ್ಚಿ ಕೊಟ್ಟ. ಚೀಲದ ಬಾಯಿ ಬಿಚ್ಚಿದ, ಮೂಗಿಗೆ ವಾಸನೆ ಹೊಡೆಯಿತು, ಮತ್ತೆ ಕಟ್ಟಿದ.

“ಕಲ್ಲಣ್ಣ, ನಿಮ್ಮ ಮೇಲೆ ನನಗೆ ಬಹಳ ಗೌರವ. ಅಂಗಿ ಮೇಲೆ ಇಲ್ಲ.”

“ಯಾಕಪ್ಪ? ಏನಾಗುತ್ತೆ? ನಾನು ದಿನಾ ಹಾಕ್ಕೊಳಲ್ವಾ?”

“ನಿಮ್ಮದು ಬಿಡಿ, ನೀವು ಗುಂಡುಕಲ್ಲು. ಈ ಮಶೀನಿಗೆ ಊರಿನ ಮಕ್ಕಳ ಬಟ್ಟೆ ಬೀಳುತ್ತೆ. ನಾಳೆ ಯಾವುದಾದ್ರೂ ಮಗುಗೆ ಏನಾದ್ರೂ ಆದ್ರೆ ನನ್ನ ಕಥೆ ಏನು?”

ಹಾಗಾದರೆ ಇವನಿಗೂ ಗೊತ್ತು ಅಂತ ಕಲ್ಲಣ್ಣ ಅಂದುಕೊಂಡ. ಸಭೆಯಲ್ಲಿ ಚಪ್ಪಾಳೆ ಹೊಡೆಯುವ ಕೈಗೂ ಅಂಗಡಿಯಲ್ಲಿ ಚೀಲ ವಾಪಸ್ ಕೊಡುವ ಕೈಗೂ ಪರಿಚಯವೇ ಇರಲಿಲ್ಲ. ಎದ್ದು ಬಂದ. ಅಂಗಿಯನ್ನು ಹಿತ್ತಲ ಮೊಳೆಗೆ ನೇತುಹಾಕಿದ. ಮಾರನೆಯ ದಿನ ಅದನ್ನೇ ಹಾಕಿಕೊಂಡು ಹೋದ. ಅದರ ಮಾರನೆಯ ದಿನವೂ ಅದನ್ನೇ. ಮನೆಯಲ್ಲಿ ಕೇಳಿದ್ದಕ್ಕೆ, ಬೇರೆ ಕಡೆ ಕೊಟ್ಟು ಒಗೆಸುತ್ತಿದ್ದೇನೆ ಅಂತ ಸುಳ್ಳು ಹೇಳಿದ. ಹೆಂಡತಿ ಹೊರಗೆ ಬರುವಷ್ಟು ಶಕ್ತಿಯಲ್ಲಿರಲಿಲ್ಲ, ಸೊಸೆಗೆ ಹಿತ್ತಲ ಕಡೆ ಹೋಗಬೇಡ ಅಂತ ಅತ್ತೆಯ ಅಪ್ಪಣೆ. ಸುಳ್ಳು ನಡೆಯಿತು.

ವಾರ ಕಳೆಯುವಷ್ಟರಲ್ಲಿ ಅಂಗಿ ಗಟ್ಟಿಯಾಗಿ ರಟ್ಟಿನಂತಾಯಿತು. ಬೆನ್ನಿನ ಮೇಲೆ ಪಂಪು ಸೋರಿದ ಕಡೆ ಬಿಳಿ ಕಲೆ, ಪ್ರತಿ ದಿನದ ಬೆವರಿಗೆ ಅದು ಮತ್ತೆ ಕರಗಿ ಮೈಗಿಳಿಯುತ್ತಿತ್ತು. ಕಲ್ಲಣ್ಣನಿಗೆ ತಲೆನೋವು ಶುರುವಾಯಿತು. ಬಿಸಿಲು ಅಂದುಕೊಂಡ. ಬಾಯಲ್ಲಿ ಜೊಲ್ಲು ತುಂಬುತ್ತಿತ್ತು, ವಯಸ್ಸು ಅಂದುಕೊಂಡ. ಕಣ್ಣು ಮಂಜಾಯಿತು, ಹೆಂಡತಿಯ ಚಿಂತೆ ಅಂದುಕೊಂಡ. ಹುಡುಕುವವನಿಗೆ ಕಾರಣಗಳ ಬರವೇ?

ಅಷ್ಟರಲ್ಲಿ ದೊಡ್ಡ ಸಭೆ ಬಂತು. ಕಂಪನಿಯ ದೊಡ್ಡ ಅಧಿಕಾರಿ ಖುದ್ದಾಗಿ ಬರುವುದಿತ್ತು, ಕಲ್ಲಣ್ಣನಿಗೆ ಸನ್ಮಾನ. ಸಾಹುಕಾರ ಹಿಂದಿನ ದಿನವೇ ಮನೆಗೆ ಬಂದ. “ಮನೆಯವರು ಹೇಗಿದಾರೆ?” ಅಂತ ಬಾಗಿಲಲ್ಲೇ ನಿಂತು ಕೇಳಿದ.

“ಇದಾಳೆ.”

“ಎಲ್ಲ ಸರಿಹೋಗುತ್ತೆ, ದೇವರಿದಾನೆ. ವೇದಿಕೆ ಮೇಲೆ ಆ ವಿಷಯ ಬೇಡ, ಜನರ ಮನಸ್ಸಿಗೆ ಸುಮ್ಮನೆ ನೋವು. ಆಮೇಲೆ, ಕಲ್ಲಣ್ಣ, ಈ ಸಲ ಇಸ್ತ್ರಿ ಅಂಗಿ ಬೇಡ. ಕೆಲಸದ ಬಟ್ಟೆಯಲ್ಲೇ ಬನ್ನಿ, ಬೆನ್ನಿಗೆ ಪಂಪು ಹಾಕ್ಕೊಂಡು. ಅಧಿಕಾರಿಗಳಿಗೆ ಅಸಲಿ ರೈತ ಬೇಕಂತೆ, ಫೋಟೋ ತೆಗೀತಾರೆ.”

ಅಸಲಿ ರೈತ ಅಸಲಿ ಅಂಗಿಯಲ್ಲೇ ಹೋದ. ಸಭೆ ನಡೆದದ್ದು ತಗಡಿನ ಮಾಡಿನ ಸಭಾಭವನದಲ್ಲಿ. ಫೋಟೋ ಚೆನ್ನಾಗಿ ಬರಲಿ ಅಂತ ಕಿಟಕಿ ಮುಚ್ಚಿ ದೀಪ ಹಾಕಿದ್ದರು. ಕಲ್ಲಣ್ಣನ ಮೈಯಿಂದ ಬೆವರು ಧಾರೆಯಾಗಿ ಇಳಿಯಿತು. ಪಕ್ಕದಲ್ಲಿ ಕೂತ ಅಧಿಕಾರಿ ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ನಗುತ್ತಿದ್ದ. ಅಂಥ ಕಷ್ಟದ ನಗುವನ್ನು ದೊಡ್ಡ ಸಂಬಳದವರಿಗೇ ಕಲಿಸಿಕೊಡುತ್ತಾರೆ.

ಮೈಕು ಕೈಗೆ ಬಂತು. ಮೊದಲನೆಯ ಮಾತು ಹೇಳಿದ. ಎರಡನೆಯದನ್ನು ಹೇಳಿ, ಜನ ನಗಲಿ ಅಂತ ಕಾದ. ನಗು ಎಲ್ಲೋ ದೂರದಿಂದ ಕೇಳಿದಂತಾಯಿತು. ಎದುರಿಗಿದ್ದ ಮುಖಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. “ಮೂರನೇದು ಮುಖ್ಯ,” ಅಂದ. “ದಿನಾ...” ಅಂದು ತನ್ನ ಎದೆಯ ಮೇಲಿನ ಅಂಗಿ ನೋಡಿಕೊಂಡ. ಬಾಯಿಂದ ಮುಂದಿನ ಮಾತು ಹೊರಡಲಿಲ್ಲ. ಹೊರಟದ್ದು ಬೇರೆ. ಅದರಲ್ಲಿ ಅರ್ಧ ಅಧಿಕಾರಿಯ ಬೂಟಿನ ಮೇಲೆ ಬಿತ್ತು.

ಸಾಹುಕಾರ ಹಾರಿ ಬಂದು ಮೈಕು ಕಿತ್ತುಕೊಂಡ. “ಬಿಸಿಲು, ಬಿಸಿಲು! ಗಾಬರಿಯಾಗಬೇಡಿ. ಕಲ್ಲಣ್ಣ ಬೆಳಿಗ್ಗೆಯಿಂದ ಏನೂ ತಿಂದಿಲ್ಲ!” ಏನೇನು ತಿಂದಿದ್ದ ಅನ್ನುವುದು ಮೊದಲ ಸಾಲಿನವರಿಗೆಲ್ಲ ಕಾಣುತ್ತಿತ್ತು. ಗುಂಡುಕಲ್ಲು ಪಂಪಿನ ಸಮೇತ ಹಿಂದಕ್ಕೆ ಉರುಳಿತು.

ಊರಿನ ಡಾಕ್ಟರು ಮೊದಲು ಮಾಡಿದ ಕೆಲಸ ಅಂಗಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿ ಬಾಗಿಲಾಚೆ ಇಡಿಸಿದ್ದು. ಮೈ ತೊಳೆಸಿದರು, ಸೂಜಿ ಚುಚ್ಚಿದರು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಮತ್ತೆ ಮತ್ತೆ ಸೂಜಿ ಚುಚ್ಚಿದರು. ಅವನಿಗೆ ಮಾತಾಡುವಷ್ಟು ಬಲ ಬಂದ ಮೇಲೆ, “ಒಗೆಯದೆ ಎಷ್ಟು ದಿನದಿಂದ ಹಾಕ್ತಿದೀರಿ ಇದನ್ನ?” ಅಂತ ಕೇಳಿದರು.

“ಒಂದು ವಾರ.”

“ಒಂದೇ ವಾರಕ್ಕೆ ಹೀಗಾಯ್ತಲ್ಲ ಕಲ್ಲಣ್ಣ.”

ಡಾಕ್ಟರು ಅದನ್ನು ಸುಮ್ಮನೆ ಅಂದದ್ದು. ಅಂದು ಬೇರೆ ರೋಗಿಯ ಕಡೆ ಹೋದರು. ಕಲ್ಲಣ್ಣ ಮಂಚದ ಮೇಲೆ ಮಲಗಿ ಆ ಮಾತನ್ನು ಹಿಡಿದುಕೊಂಡ, ಬಿಡಲಾಗಲಿಲ್ಲ. ಒಂದು ವಾರ ತನ್ನ ಅಂಗಿ ತನ್ನ ಮೈಮೇಲೆಯೇ ಉಳಿದರೆ ಇಷ್ಟು. ಹಾಗಾದರೆ ಅವಳು ಒಗೆದ ಕೊನೆಯ ವಾರ? ಅದರ ಹಿಂದಿನದು? ಮಗ ಹುಟ್ಟುವ ಮೊದಲಿನದು? ತಾನು ಕಲ್ಲಾಗಿದ್ದದ್ದು ಎಂದೂ ಅಲ್ಲ. ತನ್ನ ಪಾಲಿನದನ್ನು ದಿನವೂ ಕಳಚಿ ಅವಳ ಕೈಗೆ ಎಸೆದು, ಮಾರನೆಯ ದಿನ ಹೊಸದಾಗಿ ಎದ್ದು ಹೋಗುತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಅವನು, ಉಂಡವಳು ಅವಳು, ಸನ್ಮಾನ ಅವನಿಗೆ. ಅವನಿಗೆ ದುಃಖ ಉಕ್ಕಿ ಬಂತು. ತಲೆದಿಂಬು ಬಾಯಿಗೆ ಒತ್ತಿಕೊಂಡು ಅತ್ತ. ನರ್ಸು ಬಂದು ನೋಡಿ, ಮೈಗೆ ಹತ್ತಿದ ಔಷಧಿ ಇಳಿಯುವಾಗ ಕಣ್ಣಲ್ಲಿ ನೀರು ಬರುತ್ತದೆ, ಹೆದರಬೇಡಿ ಅಂದಳು.

ಮನೆಗೆ ಕಳಿಸಿದ ಮಾರನೆಯ ಬೆಳಿಗ್ಗೆ ಅವನು ಆಸ್ಪತ್ರೆಯಿಂದ ಜೊತೆಗೆ ತಂದಿದ್ದ ಆ ಪ್ಲಾಸ್ಟಿಕ್ ಚೀಲ ತೆಗೆದುಕೊಂಡು ಹಿತ್ತಲಿಗೆ ಹೋದ. ಕಾಲಿನಲ್ಲಿ ಇನ್ನೂ ಬಲವಿರಲಿಲ್ಲ. ಬೇರೆ ಬಕೆಟ್ಟಿಗೆ ನೀರು ತುಂಬಿದ, ಅಂಗಿ ನೆನೆಹಾಕಿದ, ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಎಷ್ಟು ಸೋಪು, ಎಲ್ಲಿಂದ ಶುರು, ಒಂದೂ ಗೊತ್ತಿಲ್ಲ. ಹೆಂಡತಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಸೊಸೆ ಒಳಗಿನ ಕಿಟಕಿಯಲ್ಲಿ. ಓಣಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಕಲ್ಲಣ್ಣ ವೇದಿಕೆ ಮೇಲೆ ಉರುಳಿದ್ದನ್ನು ನೋಡಿದವರಿಗಿಂತ ಹೆಚ್ಚು ಜನ ಗೋಡೆಗೆ ಒರಗಿದರು. ಒಬ್ಬಳು ಹೆಂಗಸು ಮಾತ್ರ ತನ್ನ ಅಂಗೈ ತಿರುಗಿಸಿ ನೋಡಿಕೊಂಡು ಬೇಗಬೇಗ ಮನೆ ಕಡೆ ನಡೆದಳು.

ಸಾಹುಕಾರ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದ. ಹಿತ್ತಲ ಬಾಗಿಲು ತೆರೆದವನು ಹಾಗೇ ನಿಂತ. ಬುಟ್ಟಿ ಕೆಳಗಿಡುವುದನ್ನೂ ಮರೆತ.

“ಏನು ಕಲ್ಲಣ್ಣ ಇದು? ನೀವು ಬಟ್ಟೆ ಒಗೀತಿದೀರಾ?”

“ಹೂಂ.”

“ಛೆ ಛೆ, ಏಳಿ ಮೇಲೆ. ವಾಂತಿ ಮಾಡಿದ್ದು ಜನ ನಾಳೆ ಮರೀತಾರೆ, ನಾನು ಬಿಸಿಲು ಅಂತ ಹೇಳಿದೀನಿ. ಇದನ್ನ ಮರೆಯಲ್ಲ. ಗುಂಡುಕಲ್ಲು ತನ್ನ ಅಂಗಿ ತಾನೇ ಒಗೀತಾನೆ ಅಂದ್ರೆ, ಆ ಅಂಗೀಲಿ ಏನಿದೆ ಅಂತ ಕೇಳ್ತಾರೆ.”

“ಕೇಳಲಿ.”

“ಬೇಕಾದ್ರೆ ಒಬ್ಬ ಹೆಂಗಸನ್ನ ಕೆಲಸಕ್ಕೆ ಇಡಿಸ್ತೀನಪ್ಪ. ಕಂಪನಿಯಿಂದಲೇ.”

ಕಲ್ಲಣ್ಣ ಅಂಗಿಯನ್ನು ಎತ್ತಿ ಕಲ್ಲಿಗೆ ಬಡಿದ. ಹೊಸಬನ ಕೈ, ನೀರು ದಿಕ್ಕು ದಿಕ್ಕಿಗೂ ಸಿಡಿಯಿತು. ಸಾಹುಕಾರ ಹಾವು ಕಂಡವನಂತೆ ಹಿಂದಕ್ಕೆ ನೆಗೆದು, ಪ್ಯಾಂಟಿನ ಮೇಲೆ ಬಿದ್ದ ಹನಿಗಳನ್ನು ಹಣ್ಣಿನ ಬುಟ್ಟಿಯ ಕಾಗದದಿಂದ ಗಸಗಸ ಒರೆಸಿಕೊಂಡ. ಒರೆಸಿಕೊಂಡ ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು ದೂರ ಎಸೆದ. ತಲೆ ಎತ್ತಿದಾಗ ಗೋಡೆಯಾಚೆಯ ಇಡೀ ಓಣಿ ಅವನನ್ನೇ ನೋಡುತ್ತಿತ್ತು.

“ಏನಾಗುತ್ತೆ ಸಾಹುಕಾರ್ರೇ?” ಕಲ್ಲಣ್ಣ ಕೇಳಿದ. “ಔಷಧಿ ತಾನೇ?”

ಸಾಹುಕಾರ ಹಣ್ಣಿನ ಬುಟ್ಟಿ ಹಿಡಿದುಕೊಂಡೇ ವಾಪಸ್ ಹೋದ. ಜನರೂ ಚದುರಿದರು. ಹಿತ್ತಲಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

“ಹಾಗೆ ಬಡೀಬೇಡಿ, ಮುಖಕ್ಕೆ ಸಿಡಿಯುತ್ತೆ,” ಅವಳು ಅಂದಳು. “ಮೆಲ್ಲಗೆ ಉಜ್ಜಿ. ತೋಳಿನ ಮಡಿಕೆ ಬಿಡಿಸಿ, ಒಳಗಡೆ ನೋಡಿ. ಅಲ್ಲೇ ಜಾಸ್ತಿ ಕೂತಿರುತ್ತೆ. ಗ್ಲೌಸ್ ಎಲ್ಲಿ ರೀ? ಹಾಕ್ಕೊಳಿ ಮೊದಲು.”

ಗ್ಲೌಸು ಅವನಿಗೆ ನೆನಪೇ ಆಗಿರಲಿಲ್ಲ. ಮಡಿಕೆ ಬಿಡಿಸಿ ಹೆಬ್ಬೆರಳಿಂದ ಉಜ್ಜಿದ. ಬೆರಳ ಸಂದಿಯಲ್ಲಿ ಮೆಣಸಿನಕಾಯಿ ಅರೆದಂತೆ ಉರಿ ಹತ್ತಿತು. ಕೈ ಕೊಡವಿ ಎತ್ತಿಕೊಂಡ. ಅವಳ ಕಡೆ ತಿರುಗಿದ.

“ಇಷ್ಟು ಉರಿಯುತ್ತಾ ಇದು?”

“ಹೂಂ. ಉರಿಯುತ್ತೆ.”

“ನಿನಗೆ ಯಾವಾಗಿಂದ ಗೊತ್ತು?”

“ಮದುವೆಯಾದ ವರ್ಷದಿಂದ.”

“ಮತ್ತೆ ಒಂದು ಮಾತು ಹೇಳೋದಲ್ವೇನೇ ನನಗೆ!”

ಅವಳು ತಲೆಗೆ ಸುತ್ತಿದ ಬಟ್ಟೆ ಸರಿಮಾಡಿಕೊಂಡಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಬೆಳಿಗ್ಗೆ ಹಾಲು ಬಂತು ಅನ್ನುವಷ್ಟೇ ಸಹಜವಾಗಿ ಅಂದಳು.

“ಹೇಳಿದ್ದೆ. ಸೋಪು ಬದಲಾಯಿಸು ಅಂದ್ರಿ. ಬದಲಾಯಿಸಿದೆ.”